ಹಿಂಬಾಗಿಲಿನ ಬೀಗದ ಕೈ

ಬ್ಯಾಂಕಿನಲ್ಲೋ ರೈಲ್ವೆ ಟಿಕೆಟ್ ಕೌಂಟರಿನಲ್ಲೋ ‘ಸರ್ವರ್ ಡೌನ್’ ಎಂಬ ಉತ್ತರ ಕೇಳಿ ಬರಿಗೈಯಲ್ಲಿ ಹಿಂದಿರುಗದ ನಾಗರಿಕರು ವಿರಳ. ಅಂಥ ಪ್ರಸಂಗ ಬಾರದಿರಲೆಂದೇ ದೊಡ್ಡ ಸಂಸ್ಥೆಗಳು ತಮ್ಮ ಡೇಟಾಬೇಸನ್ನು ಒಂದೇ ಯಂತ್ರದಲ್ಲಿ ಇರಿಸುವುದಿಲ್ಲ. ಮೂರು ಯಂತ್ರಗಳ ಗುಂಪಿನಲ್ಲಿ ಒಂದು ಮುಖ್ಯಸ್ಥಾನದಲ್ಲಿದ್ದರೆ, ಅದರಲ್ಲಿ ಬರೆದುದನ್ನೆಲ್ಲ ಉಳಿದೆರಡು ಕೂಡಲೇ ನಕಲು ಮಾಡಿಕೊಳ್ಳುತ್ತವೆ. ಮುಖ್ಯ ಯಂತ್ರ ಕೆಟ್ಟರೆ ಇನ್ನೊಂದು ಆ ಸ್ಥಾನಕ್ಕೆ ಬರುತ್ತದೆ. ಇಂಥ ಯಂತ್ರಗಳ ಉಸ್ತುವಾರಿಯಲ್ಲೇ ವರ್ಷಗಳನ್ನು ಕಳೆದ ನನಗೆ ಈ ಏರ್ಪಾಟಿನ ಬಗ್ಗೆ ಗೌರವವಿದೆ. ಅದು ಹುಟ್ಟಿಸುವ ನಿಶ್ಚಿಂತೆಯ ಬಗ್ಗೆ ಭಯವೂ ಇದೆ.

ಯಂತ್ರ ಕೆಟ್ಟರೆ ಈ ಏರ್ಪಾಟು ನಮ್ಮನ್ನು ಕಾಯುತ್ತದೆ. ಕೆಟ್ಟ ಆಜ್ಞೆಯಿಂದ ಕಾಯುವುದಿಲ್ಲ. ಯಾವ ಯಂತ್ರ ಮುಖ್ಯ, ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸಲು ಆಡಳಿತಗಾರರಿಗೆಂದೇ ಪ್ರತ್ಯೇಕ ದ್ವಾರವಿರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸುಗಳ ಗುಂಪನ್ನು ನೋಡಿಕೊಳ್ಳುವ ‘ಪ್ಯಾಟ್ರೋನಿ’ ತಂತ್ರಾಂಶದಲ್ಲಿ, ಯಂತ್ರ ಸುಸ್ಥಿತಿಯಲ್ಲಿದೆಯೇ ಎಂದು ವಿಚಾರಿಸುವವರಿಗೂ ಮುಖ್ಯಸ್ಥಾನ ಬದಲಿಸೆಂದು ಆಜ್ಞಾಪಿಸುವವರಿಗೂ ಇರುವುದು ಒಂದೇ ದ್ವಾರ. ಆಜ್ಞಾಪಿಸುವವರಿಂದ ಪಾಸ್‌ವರ್ಡ್ ಕೇಳುವ ಸೌಲಭ್ಯ ಅದರಲ್ಲಿದೆ. ಯಾರಾದರೂ ಅದನ್ನು ಅಳವಡಿಸಬೇಕು, ಅಷ್ಟೇ. ಆಡಳಿತಾಧಿಕಾರ ದಕ್ಕಿದವನು ದಾಖಲೆಗಳನ್ನು ಅಳಿಸಿದರೆ, ನಕಲು ಮಾಡುವ ಯಂತ್ರಗಳು ಆ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತವೆ.

ತಂತ್ರಾಂಶ ರಚಿಸುವವರ ಕಡತಗಳನ್ನು ಕಾಪಿಡುತ್ತಿದ್ದ ‘ಕೋಡ್ ಸ್ಪೇಸಸ್’ ಎಂಬ ಕಂಪನಿ ಅಮೆಜಾನಿನಿಂದ ಬಾಡಿಗೆಗೆ ಪಡೆದ ಯಂತ್ರಗಳನ್ನು ಅವಲಂಬಿಸಿತ್ತು. 2014ರ ಜೂನ್‌ನಲ್ಲಿ ಅವುಗಳ ನಿಯಂತ್ರಣ ಫಲಕದೊಳಗೆ ನುಸುಳಿದ ದುಷ್ಕರ್ಮಿ ಹಣ ಕೇಳಿದ. ಕಂಪನಿ ಪಾಸ್‌ವರ್ಡ್ ಬದಲಿಸಿತು. ಆತ ಮೊದಲೇ ಬೇರೆ ಲಾಗಿನ್‌ಗಳನ್ನು ಸೃಷ್ಟಿಸಿಕೊಂಡಿದ್ದ. ಸುಮಾರು 12 ತಾಸುಗಳಲ್ಲಿ ಬಹುಪಾಲು ಕಡತಗಳೂ ಅವುಗಳ ಬ್ಯಾಕಪ್ಪುಗಳೂ ನಾಶವಾದವು, ಕಂಪನಿಯೇ ಮುಚ್ಚಿತು. ಬ್ಯಾಕಪ್ ಇರಲಿಲ್ಲವೆಂದಲ್ಲ, ಅದಕ್ಕೂ ಅದೇ ಬೀಗದ ಕೈ ಸಲ್ಲುತ್ತಿತ್ತು. 2017ರ ಆರಂಭದಲ್ಲಿ ಪಾಸ್‌ವರ್ಡೇ ಇಲ್ಲದೆ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಸಾವಿರಾರು ‘ಮೊಂಗೊಡಿಬಿ’ ಡೇಟಾಬೇಸುಗಳನ್ನು ಅಳಿಸಿ, ಒತ್ತೆಹಣದ ಚೀಟಿ ಬಿಟ್ಟುಹೋದವರಿಗಂತೂ ಬೀಗ ಒಡೆಯುವ ಶ್ರಮವೂ ಇರಲಿಲ್ಲ.

ಇದನ್ನೆಲ್ಲ ಪರರ ಅಜಾಗರೂಕತೆ ಎಂದು ಬರೆಯುವ ನೈತಿಕ ಹಕ್ಕು ನನಗಿಲ್ಲ. ನಾನು ದುಡಿದ ಒಂದು ಸಂಸ್ಥೆಯಲ್ಲಿ ಕಾವಲುಗಾರರಿದ್ದರು, ಜನರೇಟರ್ ಇತ್ತು, ಮೂರು ಸರ್ವರುಗಳಿದ್ದವು. ಆಡಳಿತ ಪುಟದ ಪಾಸ್‌ವರ್ಡ್ ಮಾತ್ರ ಐವರಿಗೂ ಒಂದೇ. ಇಬ್ಬರು ಕೆಲಸ ಬಿಟ್ಟುಹೋದ ಮೇಲೂ ಅದು ಬದಲಾಗಲಿಲ್ಲ. ನಡುರಾತ್ರಿ ಯಂತ್ರ ನಿಂತಾಗ ಹೊಸ ಪಾಸ್‌ವರ್ಡ್ ನೆನಪಾಗದಿದ್ದರೆ ಗತಿಯೇನು ಎಂದು ಸಭೆಯಲ್ಲಿ ವಾದಿಸಿದವನು ನಾನೇ. ಎರಡು ವರ್ಷ ಏನೂ ಅನಾಹುತವಾಗಲಿಲ್ಲ. ಅದು ನಮ್ಮ ಅದೃಷ್ಟ.

ಆ ವಾದಕ್ಕೆ ಉತ್ತರ ಬ್ಯಾಂಕಿನ ತಿಜೋರಿಯಲ್ಲೇ ಇತ್ತು. ಅದನ್ನು ತೆರೆಯಲು ಇಬ್ಬರು ಅಧಿಕಾರಿಗಳ ಎರಡು ಬೀಗದ ಕೈ ಬೇಕು. ಹಾಗೆಂದು ಬ್ಯಾಂಕು ವ್ಯವಹಾರ ನಿಲ್ಲಿಸಿಲ್ಲ. ನಮ್ಮ ರಾಜ್ಯದ ‘ಭೂಮಿ’ ಯೋಜನೆ ಪಹಣಿಗಳನ್ನು ಗಣಕೀಕರಿಸಿದಾಗ, ದಾಖಲೆ ತಿದ್ದುವ ಸಿಬ್ಬಂದಿಯ ಗುರುತಿಗೆ ಬೆರಳಚ್ಚನ್ನು ವಿಧಿಸಿತ್ತು. ಯಾರು ತಿದ್ದಿದರು ಎಂಬ ಪ್ರಶ್ನೆಗೆ ಆಗ ಒಂದು ಹೆಸರು ಸಿಗುತ್ತದೆ. ಐವರ ಪಾಸ್‌ವರ್ಡಿನಲ್ಲಿ ಯಾರ ಹೆಸರೂ ಸಿಗದು.

ಟೆಂಡರುಗಳಲ್ಲಿ ಶೇ 99.9ರಷ್ಟು ಕಾಲ ಸೇವೆ ಲಭ್ಯವಿರಬೇಕೆಂದು ಷರತ್ತು ವಿಧಿಸುವುದು ಸಾಮಾನ್ಯ. ಲೆಕ್ಕ ಹಾಕಿದರೆ ವರ್ಷಕ್ಕೆ ಒಂಬತ್ತು ತಾಸಿಗಿಂತ ಕಡಿಮೆ ಅಡಚಣೆ. ಅದರ ಕೆಳಗೆ ಇನ್ನೊಂದು ಷರತ್ತು ಸೇರಲಿ: ಆಡಳಿತ ದ್ವಾರ ಹೊರಗಿನ ಅಂತರ್ಜಾಲಕ್ಕೆ ಕಾಣಬಾರದು, ಪ್ರತಿಯೊಬ್ಬನಿಗೂ ಪ್ರತ್ಯೇಕ ಲಾಗಿನ್, ಅದರ ಮೇಲೆ ಎರಡನೆಯ ಪುರಾವೆ ಇರಬೇಕು, ಒಂದು ಬ್ಯಾಕಪ್ಪಾದರೂ ಆ ಯಾವ ಲಾಗಿನ್ನಿಗೂ ನಿಲುಕದಿರಬೇಕು. ತುರ್ತಿಗೆ ಬೇಕಾದ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಬಹುದು. ಇದಕ್ಕೆ ಹೊಸ ಯಂತ್ರವೊಂದನ್ನೂ ಕೊಳ್ಳಬೇಕಿಲ್ಲ. ಬಹುಶಃ ಅದಕ್ಕೇ ಯಾವ ಮಾರಾಟಗಾರನೂ ಇದನ್ನು ನೆನಪಿಸುವುದಿಲ್ಲ.