‘ಚಿತ್ರಕೃಪೆ: ಅಂತರ್ಜಾಲ’ ಎಂದರೆ ಹೊಣೆ ತಪ್ಪದು

ಬೆಂಗಳೂರು: ಮಳೆಗಾಲದಲ್ಲಿ ಜೋಗ ಮೈದುಂಬಿತೆಂದರೆ ಅದರ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತವೆ. ಕೆಲವೇ ದಿನಗಳಲ್ಲಿ ಅವೇ ಚಿತ್ರಗಳು ಪ್ರವಾಸಿ ಸಂಸ್ಥೆಯ ಜಾಹೀರಾತಿನಲ್ಲೋ, ಹೊಸ ವರ್ಷದ ಕ್ಯಾಲೆಂಡರಿನಲ್ಲೋ ಕಾಣಿಸಿಕೊಂಡರೆ ಅಚ್ಚರಿಯಿಲ್ಲ. ಛಾಯಾಗ್ರಾಹಕನ ಹೆಸರಿರಬೇಕಾದ ಜಾಗದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಒಕ್ಕಣೆಯಿರುತ್ತದೆ. ಆದರೆ ಅಂತರ್ಜಾಲ ತಾನಾಗಿ ಯಾವ ಚಿತ್ರವನ್ನೂ ತೆಗೆಯುವುದಿಲ್ಲ. ತೆಗೆದವರು ಒಬ್ಬರು ಇದ್ದೇ ಇರುತ್ತಾರೆ, ಹಕ್ಕೂ ಅವರದೇ.

ಈ ಸರಳ ಸತ್ಯವನ್ನು ಸ್ಥಾಪಿಸಲು ಹೈಟಿ ದೇಶದ ಛಾಯಾಗ್ರಾಹಕ ಡೇನಿಯಲ್ ಮೊರೆಲ್ ಸುಮಾರು ನಾಲ್ಕು ವರ್ಷ ಹೋರಾಡಬೇಕಾಯಿತು. 2010ರ ಜನವರಿ 12ರಂದು ಸಂಭವಿಸಿದ ಭೀಕರ ಭೂಕಂಪದ ಚಿತ್ರಗಳನ್ನು ಅವರು ಟ್ವಿಟರ್‌ಗೆ ಹೊಂದಿಕೊಂಡಿದ್ದ ಟ್ವಿಟ್‌ಪಿಕ್ ತಾಣಕ್ಕೆ ಏರಿಸಿದ್ದರು. ಬೇರೊಬ್ಬ ವ್ಯಕ್ತಿ ಅವನ್ನು ತನ್ನ ಖಾತೆಯಲ್ಲಿ ಹಾಕಿಕೊಂಡ. ಅಲ್ಲಿಂದ ಅವು ಎಎಫ್‌ಪಿ ಸುದ್ದಿಸಂಸ್ಥೆಗೂ ಗೆಟ್ಟಿ ಇಮೇಜಸ್‌ಗೂ ತಲುಪಿ ಜಗತ್ತಿನಾದ್ಯಂತ ವಿತರಣೆಯಾದವು. ‘ಟ್ವಿಟರ್‌ನ ನಿಬಂಧನೆಗಳು ಮರುಬಳಕೆಗೆ ಅವಕಾಶ ನೀಡುತ್ತವೆ’ ಎಂಬ ವಾದವನ್ನು ನ್ಯೂಯಾರ್ಕ್‌ನ ನ್ಯಾಯಾಲಯ 2013ರ ಜನವರಿಯಲ್ಲಿ ತಳ್ಳಿಹಾಕಿತು. ಅದೇ ವರ್ಷದ ನವೆಂಬರಿನಲ್ಲಿ ಜ್ಯೂರಿಯು 8 ಚಿತ್ರಗಳಿಗಾಗಿ ಸುಮಾರು 12 ಲಕ್ಷ ಡಾಲರ್ ಪರಿಹಾರ ಘೋಷಿಸಿತು. ಸಾರ್ವಜನಿಕವಾಗಿ ಪ್ರಕಟಿಸಿದ ಮಾತ್ರಕ್ಕೆ ಚಿತ್ರವು ಸಾರ್ವಜನಿಕರ ಸ್ವತ್ತಾಗದು ಎಂಬುದು ಆ ಪ್ರಕರಣದ ತಿರುಳು.

ಕಾಯ್ದೆ ಏನು ಹೇಳುತ್ತದೆ?

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯೂ ಇದನ್ನೇ ಹೇಳುತ್ತದೆ. ಛಾಯಾಚಿತ್ರವು ಕಾಯ್ದೆಯ ದೃಷ್ಟಿಯಲ್ಲಿ ‘ಕಲಾಕೃತಿ’. ಚಿತ್ರ ಮೂಡಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಮೊದಲು ಪ್ರಕಟಣೆಯಿಂದ 60 ವರ್ಷಕ್ಕೆ ಸೀಮಿತವಾಗಿದ್ದ ಈ ಹಕ್ಕು, 2012ರ ತಿದ್ದುಪಡಿಯ ನಂತರ ಛಾಯಾಗ್ರಾಹಕನ ಜೀವಿತಾವಧಿ ಹಾಗೂ ತದನಂತರದ 60 ವರ್ಷಗಳಿಗೆ ವಿಸ್ತರಿಸಿದೆ. ವಿಮರ್ಶೆ, ಪ್ರಚಲಿತ ಘಟನೆಗಳ ವರದಿ, ಖಾಸಗಿ ಅಧ್ಯಯನಕ್ಕೆ ಮಿತವಾದ ವಿನಾಯಿತಿಯುಂಟು. ಜಾಹೀರಾತು, ಕ್ಯಾಲೆಂಡರುಗಳು ಆ ಪಟ್ಟಿಯಲ್ಲಿಲ್ಲ.

ಆದರೆ ಛಾಯಾಗ್ರಾಹಕರೇ ಮರೆಯುವ ಅಂಶವೊಂದಿದೆ. 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಮಾಲೀಕ ತೆಗೆಸಿದವನೇ, ಬೇರೆ ಒಪ್ಪಂದವಿಲ್ಲದಿದ್ದರೆ. ಅಂದರೆ ಮದುವೆಯ ಚಿತ್ರಗಳ ಹಕ್ಕು ಸಾಮಾನ್ಯವಾಗಿ ಹಣ ನೀಡಿದ ಮನೆಯವರಿಗೆ ಸೇರುತ್ತದೆ. ಅವನ್ನು ತಮ್ಮ ಪ್ರಚಾರಕ್ಕಾಗಿ ತಾಣದಲ್ಲಿ ಹಾಕುವ ಸ್ಟುಡಿಯೊಗಳು ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ. ಅನ್ಯರ ಕಳವನ್ನು ಪ್ರಶ್ನಿಸುವವರು ತಮ್ಮ ಹಕ್ಕಿನ ಗಡಿಯನ್ನೂ ಅರಿತಿರಬೇಕಾಗುತ್ತದೆ.

ಪರಿಹಾರದ ದಾರಿ

ಕಳವಾದ ಚಿತ್ರ ಕಂಡೊಡನೆ ಆ ಪುಟದ ವಿಳಾಸ, ದಿನಾಂಕಗಳೊಂದಿಗೆ ಅದರ ಪ್ರತಿಯನ್ನು ಉಳಿಸಿಕೊಳ್ಳುವುದು ಮೊದಲ ಕೆಲಸ. ನಂತರ ಅದನ್ನು ಪ್ರಕಟಿಸಿದ ತಾಣಕ್ಕೆ ಲಿಖಿತ ದೂರು. 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ, ದೂರು ಸಮರ್ಪಕವಾಗಿದ್ದಲ್ಲಿ ಬಳಕೆದಾರರ ಚಿತ್ರಗಳಿಗೆ ವೇದಿಕೆಯಾಗುವ ಮಧ್ಯವರ್ತಿ ಸಂಸ್ಥೆಯು 36 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕು. ಆದರೆ 21 ದಿನಗಳಲ್ಲಿ ನ್ಯಾಯಾಲಯದ ಆದೇಶ ತಾರದಿದ್ದರೆ ಚಿತ್ರ ಮತ್ತೆ ಕಾಣಿಸಿಕೊಳ್ಳಬಹುದು. ದಾವೆಯನ್ನು ಛಾಯಾಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ಹೂಡಬಹುದೆಂಬುದು ಸಮಾಧಾನದ ಸಂಗತಿ. ಶಿರಸಿಯವರು ಮುಂಬೈ ಕಂಪನಿಯ ವಿರುದ್ಧ ಮುಂಬೈಗೇ ಹೋಗಬೇಕಿಲ್ಲ.

ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಇದು ಪೊಲೀಸರು ನೇರವಾಗಿ ಕ್ರಮ ಜರುಗಿಸಬಹುದಾದ, ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ಮಾಲೀಕರನ್ನು ಗುರುತಿಸುವ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಅಳಿಸುವುದೂ 2 ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗಬಲ್ಲ ಅಪರಾಧ.

ಕಾಗದದ ಮೇಲೆ ಕಾಯ್ದೆ ಬಲವಾಗಿದ್ದರೂ ತೊಡಕಿರುವುದು ಸಾಕ್ಷ್ಯದಲ್ಲಿ. ಅಮೆರಿಕದಂತೆ ಪ್ರತಿ ಕೃತಿಗೆ ಇಂತಿಷ್ಟೆಂಬ ಪರಿಹಾರದ ಮಿತಿ ಭಾರತದ ಕಾಯ್ದೆಯಲ್ಲಿಲ್ಲ. ಆದ ನಷ್ಟವನ್ನು ದಾವೆ ಹೂಡಿದವರೇ ಸಾಬೀತುಪಡಿಸಬೇಕು. ಸಣ್ಣ ಊರಿನ ಛಾಯಾಗ್ರಾಹಕ ಸೋಲುವುದು ಇಲ್ಲಿಯೇ. ಆತನಲ್ಲಿ ಕ್ಯಾಮೆರಾದಿಂದ ಬಂದ ಮೂಲ ಕಡತ ಇರುವುದಿಲ್ಲ, ಹಿಂದೆ ಮಾರಿದ ಚಿತ್ರದ ರಸೀದಿಯೂ ಇರುವುದಿಲ್ಲ.

ಚಿತ್ರದ ಮೂಲೆಯಲ್ಲಿ ಮುದ್ರಿಸಿದ ಹೆಸರನ್ನು ಕತ್ತರಿಸುವುದು ಸುಲಭ. ಕಡತದೊಳಗೆ ಅಡಗಿರುವ ಹೆಸರು, ದಿನಾಂಕಗಳು ವಾಟ್ಸ್‌ಆ್ಯಪ್‌ನಂಥ ಮಾಧ್ಯಮದಲ್ಲಿ ಸಾಗುವಾಗ ಅಳಿದುಹೋಗುವುದೂ ಉಂಟು. ಹೀಗಾಗಿ ಅಂತರ್ಜಾಲಕ್ಕೆ ಚಿಕ್ಕ ಅಳತೆಯ ಪ್ರತಿಯನ್ನಷ್ಟೇ ಏರಿಸಿ, ಮೂಲವನ್ನು ಹಿಂದೆಮುಂದೆ ತೆಗೆದ ಚಿತ್ರಗಳೊಂದಿಗೆ ಜೋಪಾನವಾಗಿಡುವುದೇ ಭದ್ರವಾದ ದಾರಿ. ಗೂಗಲ್ ಅಥವಾ ಟಿನ್‌ಐಯಲ್ಲಿ ಚಿತ್ರವನ್ನೇ ಹಾಕಿ ಹುಡುಕಿದರೆ ಅದರ ನಕಲು ಎಲ್ಲೆಲ್ಲಿದೆಯೆಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಪ್ರಕಟಿಸುವವರ ಹೊಣೆಯೇನೂ ಕಡಿಮೆಯಲ್ಲ. ಅದೇ ಹುಡುಕಾಟವನ್ನು ಅವರೂ ಪ್ರಕಟಣೆಗೆ ಮುನ್ನ ನಡೆಸಿ, ಮಾಲೀಕರನ್ನು ಪತ್ತೆಮಾಡಿ ಅನುಮತಿ ಕೇಳಬಹುದು. ಆಗ ‘ಕೃಪೆ’ಯ ಮುಂದೆ ಅಂತರ್ಜಾಲದ ಬದಲು ಮನುಷ್ಯರೊಬ್ಬರ ಹೆಸರಿರುತ್ತದೆ.