ಏರುವುದಕ್ಕೆ ಎಂಜಿನ್ನು, ಇಳಿಯುವುದಕ್ಕೆ ವಿವೇಕ

ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಸಂಜೆಯ ಹೊತ್ತು ಹತ್ತು ನಿಮಿಷ ನಿಂತರೆ ಸಾಕು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಎತ್ತರದ ವಾಹನಗಳು ಒಂದೆರಡಾದರೂ ಕಣ್ಣಿಗೆ ಬೀಳುತ್ತವೆ. ಒಂದು ಕಾಲದಲ್ಲಿ ಇಂಥ ವಾಹನವೆಂದರೆ ಅರಣ್ಯ ಇಲಾಖೆಯ ಜೀಪು, ತೋಟದ ಸಾಹುಕಾರರ ಜೀಪು, ಇಲ್ಲವೇ ಕೊಡಚಾದ್ರಿಗೆ ಯಾತ್ರಿಕರನ್ನು ಹೊತ್ತೊಯ್ಯುವ ಬಾಡಿಗೆ ಜೀಪು. ಈಗ ವೈದ್ಯರೂ ಬ್ಯಾಂಕಿನವರೂ ಬೆಂಗಳೂರಿನಿಂದ ರಜೆಗೆ ಬಂದ ತರುಣರೂ ಇವನ್ನು ಓಡಿಸುತ್ತಾರೆ. ಅದಕ್ಕೆ ನನ್ನ ಅಭ್ಯಂತರವೇನಿಲ್ಲ. ಆದರೆ ಈ ವಾಹನಗಳ ಕುರಿತ ಮಾತುಕತೆಯಲ್ಲಿ ಒಂದು ವಿಚಿತ್ರವನ್ನು ಗಮನಿಸಿದ್ದೇನೆ. ಎಂಥ ಏರನ್ನು ಹತ್ತಿತು, ಎಷ್ಟು ಕೆಸರನ್ನು ದಾಟಿತು ಎಂಬ ವರ್ಣನೆಗೆ ಕೊನೆಯಿಲ್ಲ. ಹತ್ತಿದ ಮೇಲೆ ಹೇಗೆ ಇಳಿದಿರಿ ಎಂದು ಕೇಳಿದರೆ, "ಅದಕ್ಕೊಂದು ಬಟನ್ ಇದೆ ಸಾರ್" ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿಯುತ್ತದೆ.

ಆ ಬಟನ್ನಿನ ಹೆಸರು ಹಿಲ್ ಡಿಸೆಂಟ್ ಕಂಟ್ರೋಲ್. ಕನ್ನಡದಲ್ಲಿ ಇಳಿಜಾರು ನಿಯಂತ್ರಕ ಎನ್ನಬಹುದು. ಭದ್ರಾವತಿಯಲ್ಲಿ ಬಹುಕಾಲ ವಿಜ್ಞಾನ ಕಲಿಸಿ ನಿವೃತ್ತನಾದವನಾದ್ದರಿಂದ ಇದರ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು. ಮೊದಲೇ ಹೇಳಿಬಿಡುತ್ತೇನೆ, ಇದು ಒಳ್ಳೆಯ ಸಾಧನ. ಆದರೆ ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಅರಿಯದೆ ಅದನ್ನು ನಂಬುವುದು ಅಪಾಯಕರವೆಂಬುದು ನನ್ನ ಅಭಿಪ್ರಾಯ.

ಮೊದಲು ಅದರ ಕೆಲಸವನ್ನು ನೋಡೋಣ. ಚಕ್ರಗಳು ಉರುಳುವುದನ್ನು ಬಿಟ್ಟು ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಓದುಗರಿಗೆ ಹೊಸತಲ್ಲ. 2019ರ ಏಪ್ರಿಲ್ ಹೊತ್ತಿಗೆ ನಮ್ಮ ದೇಶದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾಯಿತು. ಪ್ರತಿ ಚಕ್ರದ ಬಳಿಯೂ ವೇಗವನ್ನು ಅಳೆಯುವ ಒಂದು ಸಂವೇದಕ, ಬ್ರೇಕಿನ ದ್ರವವನ್ನು ಒತ್ತುವ ಒಂದು ಪುಟ್ಟ ಪಂಪು, ಇವೆರಡರ ನಡುವೆ ಲೆಕ್ಕ ಹಾಕುವ ಒಂದು ಕಂಪ್ಯೂಟರು: ಇಷ್ಟೇ ಅದರ ಸಾಮಗ್ರಿ. ಇಳಿಜಾರು ನಿಯಂತ್ರಕವು ಇದೇ ಸಾಮಗ್ರಿಯನ್ನು ಬಳಸಿಕೊಳ್ಳುತ್ತದೆ. ಬಟನ್ ಒತ್ತಿ ಪೆಡಲುಗಳಿಂದ ಕಾಲು ತೆಗೆದರೆ, ನಡಿಗೆಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ವಾಹನ ಇಳಿಯುವಂತೆ ಅದು ತಾನೇ ಬ್ರೇಕು ಹಾಕುತ್ತದೆ. ನಾಲ್ಕು ಚಕ್ರಗಳಿಗೂ ಬೇರೆಬೇರೆಯಾಗಿ, ಸೆಕೆಂಡಿಗೆ ಹಲವು ಬಾರಿ ಹಾಕುತ್ತದೆ, ಬಿಡುತ್ತದೆ. ಮನುಷ್ಯನಿಗಿರುವುದು ಒಂದೇ ಬ್ರೇಕ್ ಪೆಡಲು. ಎಡಗಡೆಯ ಹಿಂದಿನ ಚಕ್ರವೊಂದಕ್ಕೇ ಬ್ರೇಕು ಸಡಿಲಿಸುವುದು ಎಂಥ ನಿಪುಣ ಚಾಲಕನಿಗೂ ಸಾಧ್ಯವಿಲ್ಲ. ಈ ಸಾಧನದ ಹೆಚ್ಚುಗಾರಿಕೆ ಇರುವುದು ಅಲ್ಲಿಯೇ.

ಇದು ಹುಟ್ಟಿದ ಬಗೆಯೂ ತಿಳಿಯಬೇಕಾದದ್ದು. 1997ರಲ್ಲಿ ಇಂಗ್ಲೆಂಡಿನ ಲ್ಯಾಂಡ್ ರೋವರ್ ಕಂಪನಿ ಫ್ರೀಲ್ಯಾಂಡರ್ ಎಂಬ ಹಗುರ ವಾಹನವನ್ನು ತಂದಾಗ ಅದಕ್ಕೆ ಈ ಸಾಧನವನ್ನು ಜೋಡಿಸಿತು. ಹಳೆಯ ಜೀಪುಗಳಲ್ಲಿ ಇರುವಂತಹ, ನಮ್ಮ ಚಾಲಕರು 'ಫೋರ್ ಲೋ' ಎಂದು ಕರೆಯುವ ಹೆಚ್ಚುವರಿ ಗೇರ್ ಪೆಟ್ಟಿಗೆ ಅದರಲ್ಲಿರಲಿಲ್ಲ. ಆ ಗೇರು ಹಾಕಿದಾಗ ಎಂಜಿನ್ನೇ ನಾಲ್ಕೂ ಚಕ್ರಗಳನ್ನು ಹಿಡಿದಿಟ್ಟುಕೊಂಡು ವಾಹನವನ್ನು ನಿಧಾನವಾಗಿ ಇಳಿಸುತ್ತದೆ. ಅದಿಲ್ಲದ ಕೊರತೆಯನ್ನು ತುಂಬಲು ಬಂದದ್ದು ಈ ಬಟನ್. ನಮ್ಮಲ್ಲಿ 2022ರಲ್ಲಿ ಬಂದ ಗ್ರ್ಯಾಂಡ್ ವಿಟಾರಾದ ಆಲ್ ವೀಲ್ ಡ್ರೈವ್ ಮಾದರಿಯದು ಇದೇ ಜಾತಿ: ಬಟನ್ ಇದೆ, ಲೋ ಗೇರ್ ಇಲ್ಲ. 2020ರ ಹೊಸ ಥಾರ್‌ನ ಮೇಲ್ದರ್ಜೆಯ ಮಾದರಿಗಳಲ್ಲಿ, 2023ರ ಜಿಮ್ನಿಯಲ್ಲಿ ಎರಡೂ ಇವೆ. ತಮ್ಮ ವಾಹನ ಇವೆರಡರಲ್ಲಿ ಯಾವ ಜಾತಿಯದು ಎಂಬುದನ್ನು ಕೊಂಡವರು ಮೊದಲು ತಿಳಿದುಕೊಳ್ಳಬೇಕು.

ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವುದರಿಂದ ಇಳಿಯುವಾಗಲೂ ತಮಗೆ ವಿಶೇಷ ಹಿಡಿತವಿದೆಯೆಂದು ಹಲವರು ಭಾವಿಸಿದ್ದಾರೆ. ಅದು ತಪ್ಪು. ಏರುವಾಗ ಎರಡು ಚಕ್ರದವನಿಗಿಂತ ನಾಲ್ಕು ಚಕ್ರದವನಿಗೆ ಅನುಕೂಲ ಹೆಚ್ಚು, ನಿಜ. ಆದರೆ ಬ್ರೇಕು ಎಲ್ಲ ಕಾರುಗಳಿಗೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಹೀಗಾಗಿ ಸಣ್ಣ ಕಾರು ಹತ್ತಲಾಗದೆ ಹಿಂದಿರುಗುವ ಜಾಗಕ್ಕೆ ಈ ವಾಹನ ಸಲೀಸಾಗಿ ಹತ್ತಿಬಿಡುತ್ತದೆ, ಇಳಿಯುವಾಗ ಮಾತ್ರ ಅದರ ಬ್ರೇಕಿಗಿರುವ ಆಸರೆ ಅದೇ ನಾಲ್ಕು ಟೈರುಗಳು. ಅಪಾಯ ಹುಟ್ಟುವುದು ಈ ಅಂತರದಲ್ಲಿ.

ಎರಡನೆಯ ತಪ್ಪು ತಿಳುವಳಿಕೆ, ಈ ಬಟನ್ ಎಲ್ಲ ಘಾಟಿಗಳಿಗೂ ಸಲ್ಲುತ್ತದೆ ಎಂಬುದು. ಆಗುಂಬೆ ಘಾಟಿಯನ್ನೇ ತೆಗೆದುಕೊಳ್ಳಿ. ಹದಿನಾಲ್ಕು ಹೇರ್‌ಪಿನ್ ತಿರುವುಗಳು, ಸೋಮೇಶ್ವರದ ಹೊತ್ತಿಗೆ ಸುಮಾರು 500 ಮೀಟರ್ ಇಳಿತ. ತರಗತಿಯಲ್ಲಿ ಹಾಕಿಸುತ್ತಿದ್ದಂತಹ ಒಂದು ಲೆಕ್ಕವನ್ನು ಇಲ್ಲಿ ಹಾಕೋಣ. ಜನರೂ ಸಾಮಾನೂ ಸೇರಿ 1,800 ಕಿಲೋ ತೂಗುವ ವಾಹನ 500 ಮೀಟರ್ ಇಳಿದರೆ ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 88 ಲಕ್ಷ ಜೂಲ್. ಮನೆಯ ನಲ್ಲಿಯಲ್ಲಿ ಬರುವ ನೀರನ್ನು ಸುಮಾರು 28 ಲೀಟರಿನಷ್ಟು ಕುದಿಯುವ ಮಟ್ಟಕ್ಕೆ ತರಲು ಈ ಶಾಖ ಸಾಕು. ಇದರಲ್ಲಿ ಗಾಳಿಯೂ ಎಂಜಿನ್ನೂ ಹೀರಿಕೊಂಡು ಉಳಿದದ್ದೆಲ್ಲ ಬ್ರೇಕಿನ ಪಾಲು. ಬ್ರೇಕು ಅತಿಯಾಗಿ ಕಾದರೆ ಹಿಡಿತ ಸಡಿಲವಾಗುತ್ತದೆ. ಬ್ರೇಕಿನ ದ್ರವ ಹಳೆಯದಾಗಿ ತೇವ ಹೀರಿದ್ದರಂತೂ ಅದು ಬೇಗ ಕುದಿದು, ಪೆಡಲು ಒತ್ತಿದರೂ ನೆಲಕ್ಕೆ ಹೋಗುತ್ತದೆಯೇ ಹೊರತು ವಾಹನ ನಿಲ್ಲುವುದಿಲ್ಲ.

ಆದ್ದರಿಂದ ಡಾಂಬರು ಹಾಕಿದ ಉದ್ದನೆಯ ಘಾಟಿಯಲ್ಲಿ, ಅದು ಆಗುಂಬೆಯಿರಲಿ, ಹುಲಿಕಲ್ ಇರಲಿ, ನಂಬಬೇಕಾದದ್ದು ಗೇರನ್ನು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಹಳೆಯ ಚಾಲಕರ ಪಾಠ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಘಾಟಿ ಇಳಿಯುವವರು ಎಂಜಿನ್ನು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಬಡಪಾಯಿ ಬ್ರೇಕಿನ ಮೇಲೆ ಹೇರುತ್ತಾರೆ. ಇಳಿಜಾರು ನಿಯಂತ್ರಕವೂ ಕೊನೆಗೆ ಬಳಸುವುದು ಅದೇ ಬ್ರೇಕನ್ನೇ. ಹೆಚ್ಚು ಕಾದರೆ ಅನೇಕ ವಾಹನಗಳಲ್ಲಿ ಅದು ಎಚ್ಚರಿಕೆಯ ದೀಪ ತೋರಿಸಿ ಕೆಲಸ ನಿಲ್ಲಿಸುತ್ತದೆ.

ಹಾಗಾದರೆ ಅದರ ನಿಜವಾದ ಜಾಗ ಯಾವುದು? ಕೊಡಚಾದ್ರಿಯ ಜೀಪು ದಾರಿಯಂತಹ ಜಾಗ. 1,343 ಮೀಟರ್ ಎತ್ತರದ ಆ ಬೆಟ್ಟದ ದಾರಿಯಲ್ಲಿ ಉರುಳುಗಲ್ಲು, ಜಂಬಿಟ್ಟಿಗೆಯ ಮೆಟ್ಟಿಲು, ಮಳೆನೀರು ಕೊರೆದ ಕೊರಕಲು, ಎಲ್ಲವೂ ಇವೆ. ಒಂದು ಚಕ್ರ ಬಂಡೆಯ ಮೇಲಿದ್ದರೆ ಇನ್ನೊಂದು ಸಡಿಲ ಮಣ್ಣಿನಲ್ಲಿರುತ್ತದೆ. ಅಲ್ಲಿ ಕಾಲಿನಿಂದ ಬ್ರೇಕು ಒತ್ತಿದರೆ ಹಿಡಿತವಿಲ್ಲದ ಚಕ್ರ ಮೊದಲು ನಿಂತುಹೋಗುತ್ತದೆ. ಚಕ್ರ ನಿಂತರೂ ವಾಹನ ನಿಲ್ಲುವುದಿಲ್ಲ, ಜಾರುತ್ತದೆ. ಮುಂದಿನ ಚಕ್ರಗಳು ಹಾಗೆ ಜಾರಿದರೆ ಸ್ಟಿಯರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. ಇಂಥಲ್ಲಿ ಚಕ್ರಕ್ಕೊಂದು ಬ್ರೇಕು ಹಾಕಬಲ್ಲ ಯಂತ್ರ ನಮಗಿಂತ ಮೇಲು.

ನಿಟ್ಟೂರಿನ ಕಡೆ ಜೀಪು ಓಡಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. "ಮೇಷ್ಟ್ರೇ, ಬಟನ್ ನಂಬಿದವನಿಗೆ ಕಾಲಿನ ಬುದ್ಧಿ ಹೋಗುತ್ತೆ. ಫೋರ್ ಲೋ ಹಾಕಿ, ಫಸ್ಟ್ ಗೇರಲ್ಲಿ ಬಿಟ್ಟು, ಕ್ಲಚ್ ಮುಟ್ಟದೆ ಕೂತರೆ ಜೀಪು ತಾನೇ ಇಳಿಯುತ್ತೆ" ಎಂದ. ಅವನ ಮಾತಿನಲ್ಲಿ ತೂಕವಿದೆ. ಎಂಜಿನ್ನಿನ ತಡೆ ನಾಲ್ಕೂ ಚಕ್ರಗಳಿಗೆ ಹಂಚಿಹೋಗುತ್ತದೆ, ಅದರಿಂದ ಬ್ರೇಕು ಕಾಯುವುದಿಲ್ಲ. "ಅದು ಸರಿಯಪ್ಪ, ಲೋ ಗೇರೇ ಇಲ್ಲದ ವಾಹನದವನು ಏನು ಮಾಡಬೇಕು?" ಎಂದು ಕೇಳಿದೆ. "ಅವನು ನಮ್ಮ ಜೀಪು ಹತ್ತಬೇಕು" ಎಂದು ನಕ್ಕ! ನಗೆಮಾತಾದರೂ ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ, ಅವನಂತಹವರ ಅನುಭವ ಸಾವಿರಾರು ಬಾರಿ ಆ ಬೆಟ್ಟವನ್ನು ಇಳಿದು ಬಂದದ್ದು ಎಂಬುದು. ಅಷ್ಟು ಅವಕಾಶವಿಲ್ಲದವನಿಗೆ ಯಂತ್ರದ ನೆರವು ಬೇಡವೆನ್ನುವುದು ನ್ಯಾಯವಲ್ಲ. ಲೋ ಗೇರ್ ಇದ್ದವರು ಅದನ್ನು ಹಾಕಿಕೊಂಡು ಬಟನ್ನನ್ನೂ ಒತ್ತಿದರೆ ಒಂದಕ್ಕೊಂದು ಪೂರಕ.

ಬಳಸುವ ಕ್ರಮ ಸರಳ. ಇಳಿಜಾರಿನ ತಲೆಯಲ್ಲಿಯೇ ವಾಹನ ನಿಲ್ಲಿಸಿ, ಕೆಳಗಿಳಿದು ದಾರಿಯನ್ನು ನಡೆದು ನೋಡಬೇಕು. ಮೊದಲನೆಯ ಗೇರು ಹಾಕಿ, ಬಟನ್ ಒತ್ತಿ, ದೀಪ ಹೊತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಆದಷ್ಟೂ ನೇರವಾಗಿ ಇಳಿಯಬೇಕು, ಇಳಿಜಾರಿಗೆ ಅಡ್ಡಲಾಗಿ ತಿರುಗಿಸಬಾರದು. ಅಡ್ಡವಾದ ವಾಹನ ಮಗುಚಿಕೊಳ್ಳುವುದನ್ನು ಈ ಸಾಧನ ತಡೆಯಲಾರದು. ಕ್ಲಚ್ ಒತ್ತಬಾರದು, ಒತ್ತಿದರೆ ಎಂಜಿನ್ನಿನ ಆಸರೆ ಕಡಿದುಹೋಗುತ್ತದೆ. ಪಂಪು ಕೆಲಸ ಮಾಡುವಾಗ ಕಟಕಟನೆ ಸದ್ದು ಬರುತ್ತದೆ, ಪೆಡಲು ಅದುರುತ್ತದೆ. ಅದನ್ನು ಕೇಳಿ ಗಾಬರಿಗೊಂಡು ಬ್ರೇಕನ್ನು ತುಳಿಯುವವರೇ ಹೆಚ್ಚು. ಕಾಲು ಪೆಡಲಿನ ಮೇಲೆ ಸಿದ್ಧವಾಗಿರಲಿ, ಆದರೆ ಸುಮ್ಮನೆ ಇರಲಿ.

ಇಷ್ಟು ಮಾಡಿದರೂ ಮುಂಗಾರಿನಲ್ಲಿ ನೆನೆದ ಕೆಮ್ಮಣ್ಣಿನ ಮೇಲೆ, ಸವೆದ ಟೈರಿನಲ್ಲಿ, ಯಾವ ಬಟನ್ನೂ ಕಾಪಾಡುವುದಿಲ್ಲ. ಬ್ರೇಕು ಚಕ್ರವನ್ನು ಹಿಡಿಯಬಲ್ಲದು, ನೆಲವನ್ನು ಹಿಡಿಯಬೇಕಾದದ್ದು ಟೈರು. ಟೈರು ಹಿಡಿಯದ ಕಡೆ ಕಂಪ್ಯೂಟರು ಏನು ಮಾಡೀತು?

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಜಾರುವ ಚಕ್ರ ನೇಗಿಲಿನಂತೆ ದಾರಿಯನ್ನು ಕೆರೆಯುತ್ತದೆ. ಆ ಗೀರಿನಲ್ಲಿ ಮಳೆಗಾಲದ ನೀರು ಹರಿದು ಕೊರಕಲಾಗುತ್ತದೆ. ಉರುಳುತ್ತಲೇ ನಿಧಾನವಾಗಿ ಇಳಿಯುವ ವಾಹನದಿಂದ ದಾರಿಗೆ ಆಗುವ ಹಾನಿ ಬಹಳ ಕಡಿಮೆ. ಹಾಗೆಂದು ಬಟನ್ ಇರುವುದೇ ಕಾಡಿನೊಳಗೆ ನುಗ್ಗಲು ಪರವಾನಗಿಯಲ್ಲ. ಅರಣ್ಯ ಇಲಾಖೆಯ ನಿಯಮ ಆಯಾ ಕಾಲಕ್ಕೆ ಏನಿದೆಯೆಂದು ಕೇಳಿಕೊಂಡೇ ಹೋಗಬೇಕು.

ಇಷ್ಟು ದೊಡ್ಡ ವಿಷಯವನ್ನು ಕಲಿಸುವವರು ಯಾರು? ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಸುಮಾರು ಇಪ್ಪತ್ತು ಕಿಲೋಮೀಟರ್ ದಾರಿಯಲ್ಲಿ ಹೇಳಿಕೊಳ್ಳುವಂತಹ ಇಳಿಜಾರಿಲ್ಲ. ನಮ್ಮ ಹುಡುಗರು ಕಲಿಯುವುದು ಇಂಥ ಸಮತಟ್ಟಿನಲ್ಲಿ, ಮರುವಾರವೇ ಹೋಗುವುದು ಘಾಟಿಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮವು, ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬದಲಿಸುವ ಸಾಮರ್ಥ್ಯ ಲೈಸೆನ್ಸ್ ಕೇಳುವವನಿಗೆ ಇರಬೇಕೆಂದು ಹೇಳುತ್ತದೆ. ನಾನು ಕಂಡ ಪರೀಕ್ಷೆಗಳಲ್ಲಿ ಮಾತ್ರ ಮೈದಾನದಲ್ಲಿ ಎಂಟರ ಆಕಾರ ಸುತ್ತಿಸಿ ಕಳುಹಿಸಿದ್ದಾರೆ. ಇಳಿಜಾರು ದಾರಿ ಕಿರಿದಾಗಿದ್ದರೆ ಇಳಿಯುವವನು ನಿಂತು ಏರುವವನಿಗೆ ದಾರಿ ಬಿಡಬೇಕೆಂಬ ನಿಯಮವೂ ಎಷ್ಟು ಮಂದಿಗೆ ಗೊತ್ತು?

ನನ್ನ ಸಲಹೆ ಎರಡೇ. ಇಂಥ ವಾಹನವನ್ನು ಮಾರುವವರು ಕೀಲಿ ಕೈಗಿಡುವ ಮೊದಲು ಕೊಂಡವರನ್ನು ಒಂದು ಮಣ್ಣಿನ ಇಳಿಜಾರಿಗೆ ಕರೆದೊಯ್ದು, ಅವರ ಕಾಲಿನಿಂದಲೇ ಒಮ್ಮೆ, ಬಟನ್ನಿನಿಂದ ಒಮ್ಮೆ ಇಳಿಸಿ ತೋರಿಸಲಿ. ಅರ್ಧ ದಿನದ ಕೆಲಸ. ಎರಡನೆಯದು, ಮಲೆನಾಡಿನ ಚಾಲನಾ ಶಾಲೆಗಳು ಒಂದು ದಿನವನ್ನಾದರೂ ಘಾಟಿಗೆ ಮೀಸಲಿಡಲಿ, ಆ ದಿನದ ಪಾಠಕ್ಕೆ ಕೊಡಚಾದ್ರಿಯ ಜೀಪಿನವರನ್ನೇ ಕರೆಸಲಿ. ಅವರ ಕಾಲಿನಲ್ಲಿರುವ ವಿದ್ಯೆ ಪುಸ್ತಕದಲ್ಲಿಲ್ಲ. ಆ ತಲೆಮಾರು ಸರಿದುಹೋದರೆ ಅದೂ ಹೋಗುತ್ತದೆ.

ಮನೆಯವರನ್ನೆಲ್ಲ ಕೂರಿಸಿಕೊಂಡು ಬೆಟ್ಟಕ್ಕೆ ಹೊರಡುವ ತರುಣರಿಗೆ ಈ ಹಳೆಯ ಮೇಷ್ಟ್ರ ಕೋರಿಕೆಯೊಂದಿದೆ. ಬೆಟ್ಟದ ತುದಿಯಲ್ಲಿ ನಿಂತು ಇಳಿಯುವ ದಾರಿಯನ್ನು ನೋಡಿದಾಗ ಮನಸ್ಸು ಅಳುಕಿದರೆ, ಆ ಅಳುಕಿಗೆ ಬೆಲೆ ಕೊಡಿ. ಹೆಂಗಸರು ಮಕ್ಕಳನ್ನು ಇಳಿಸಿ ನಡೆಸಿಕೊಂಡು ಬನ್ನಿ, ಮಳೆ ನಿಲ್ಲುವವರೆಗೆ ಕಾಯಿರಿ, ಜೀಪಿನವರ ಸಹಾಯ ಕೇಳಿ. ಇಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಬಟನ್ನನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ. ಆ ಹೊಣೆ ಚಾಲಕನದೇ. ಏನಂತೀರಿ?