ಇಪ್ಪತ್ತೆಂಟು ದಿನದ ತಿಂಗಳು

ಹಾಲಿನವನು ತಿಂಗಳಿಗೊಮ್ಮೆ ಲೆಕ್ಕ ಕೇಳುತ್ತಾನೆ. ಪೇಪರಿನ ಹುಡುಗ ತಿಂಗಳಿಗೊಮ್ಮೆ ಬರುತ್ತಾನೆ. ಮನೆ ಬಾಡಿಗೆ, ಚೀಟಿ, ಕರೆಂಟು ಬಿಲ್ಲು ಎಲ್ಲಕ್ಕೂ ಗೋಡೆಯ ಮೇಲಿನ ಕ್ಯಾಲೆಂಡರೇ ಪ್ರಮಾಣ. ಮೊಬೈಲ್ ಕಂಪನಿಗಳಿಗೆ ಮಾತ್ರ ಬೇರೆಯದೇ ಪಂಚಾಂಗ. ಅವರ ತಿಂಗಳಿಗೆ ಇಪ್ಪತ್ತೆಂಟೇ ದಿನ. ವರ್ಷದ 365 ದಿನಗಳನ್ನು 28ರಿಂದ ಭಾಗಿಸಿ ನೋಡಿ, ಹದಿಮೂರು ಸಲ ದುಡ್ಡು ಕಟ್ಟಬೇಕು. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಮೂರು ವರ್ಷಕ್ಕೊಂದು ಸಲ. ಇವರಿಗೆ ವರ್ಷಾ ವರ್ಷ ಅಧಿಕ ಮಾಸ! ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟು ಮನೆ ತೂಗಿಸುವ ನಾವಾದರೂ ಇದನ್ನು ಕೇಳಬೇಡವೇ?

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತವರಿಗೆ ಆ ಸುಖ ಗೊತ್ತು. ಮನೆಗೊಂದು ಫೋನು ಬೇಕೆಂದು ಅರ್ಜಿ ಹಾಕಿದವರು ಮಕ್ಕಳ ಮದುವೆಯಾಗುವ ತನಕ ಕಾಯುತ್ತಿದ್ದರು. 1986ರಲ್ಲಿ ಸಿ-ಡಾಟ್ ಸಂಸ್ಥೆಯ ಹಳ್ಳಿ ಎಕ್ಸ್‌ಚೇಂಜ್, ಏರ್ ಕಂಡೀಷನ್ ಇಲ್ಲದೆಯೂ ನಡೆಯುವಂಥದ್ದು, ಮೊದಲು ಕೆಲಸ ಶುರು ಮಾಡಿದ್ದು ನಮ್ಮದೇ ಕಿತ್ತೂರಿನಲ್ಲಿ. ಅದರ ಹಿಂದೆಯೇ ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಎಷ್ಟೋ ಹೆಣ್ಣುಮಕ್ಕಳು, ಕಾಲಿಲ್ಲದವರು, ಕಣ್ಣಿಲ್ಲದವರು ಆ ಬೂತಿನಿಂದ ಅನ್ನ ಕಂಡರು. ಅದೂ ಸರ್ಕಾರವೇ ಮಾಡಿದ ಕೆಲಸ ಎಂಬುದನ್ನು ಈಗ ಯಾರೂ ನೆನೆಯುವುದಿಲ್ಲ.

1994ರ ದೂರಸಂಪರ್ಕ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. 1995ರಲ್ಲಿ ಮೊಬೈಲ್ ಬಂದಾಗ ನಿಮಿಷದ ಮಾತಿಗೆ ಹದಿನಾರು ರೂಪಾಯಿಯ ತನಕ ಇತ್ತು. ಬಂದ ಕರೆಗೂ ದುಡ್ಡು! ಕಂಪನಿಗಳು ಹೆಚ್ಚಿದಂತೆ ದರ ಇಳಿಯಿತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಪೈಪೋಟಿಯಿಂದ ಆದ ಈ ಒಳ್ಳೆಯದನ್ನು ಅಲ್ಲಗಳೆದರೆ ಬಾಯಿಗೆ ಹುಳ ಬಿದ್ದೀತು.

ನಮ್ಮ ಸೀಮೆಯ ಮಾತನ್ನೇ ತೆಗೆದುಕೊಳ್ಳಿ. ಬೋರನಕಣಿವೆಯ ಸುತ್ತ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯೆಲ್ಲ ತೆಂಗೇ ಬದುಕು. ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಒಣಗಲು ಬಿಟ್ಟರೆ ಉಂಡೆ ಕೊಬ್ಬರಿ. ಅಟ್ಟ ಕಾಯುವವಳು ಹೆಂಗಸು, ಸುಲಿದು ಹಸನು ಮಾಡುವವಳು ಹೆಂಗಸು. ತಿಪಟೂರು ಮಾರುಕಟ್ಟೆಯ ರೇಟು ಮಾತ್ರ ಗಂಡಸರ ಬಾಯಿಂದಲೇ ಕೇಳಬೇಕಿತ್ತು. ಮಂಡಿಯಲ್ಲಿ ಎಷ್ಟಕ್ಕೆ ಹೋಯಿತೋ, ಜೇಬಿಗೆ ಎಷ್ಟು ಬಂತೋ, ಮನೆಗೆ ಎಷ್ಟು ತಲುಪಿತೋ, ದೇವರೇ ಬಲ್ಲ. ಈಗ ಅವಳೇ ಮಂಡಿಗೆ ಫೋನು ಮಾಡಿ, ‘ಇವತ್ತು ಕ್ವಿಂಟಾಲಿಗೆ ಎಷ್ಟಣ್ಣ?’ ಎನ್ನುತ್ತಾಳೆ. ಆ ಒಂದು ಕರೆ ಅವಳ ಕೈಗೆ ತಂದಿರುವ ಬಲ ಸಣ್ಣದಲ್ಲ. ಅದಕ್ಕೇ ಆ ಕರೆ ನಿಲ್ಲುವುದೂ ಸಣ್ಣ ಸಂಗತಿಯಲ್ಲ.

ಪೈಪೋಟಿ ಒಳ್ಳೆಯದು, ಸರಿ. ಆದರೆ ಆ ಪೈಪೋಟಿ ಈಗ ಎಲ್ಲಿದೆ? ಒಂದು ಕಾಲಕ್ಕೆ ದೇಶದಲ್ಲಿ ಹತ್ತಾರು ಕಂಪನಿಗಳಿದ್ದವು. 2008ರಲ್ಲಿ ಹಂಚಿದ 122 ಲೈಸೆನ್ಸ್‌ಗಳನ್ನು ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 2ರಂದು ರದ್ದು ಮಾಡಿದಾಗ ಕೆಲವು ಹೋದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಮಾರನೆಯ ವರ್ಷದ ಮಾರ್ಚ್ ತನಕ ಎಲ್ಲ ಪುಕ್ಕಟೆ. ನಾವೆಲ್ಲ ಹಬ್ಬ ಮಾಡಿದೆವು. ಇದು ಎದುರಾಳಿಗಳನ್ನು ಮುಗಿಸುವ ದರ ಎಂದು ಏರ್‌ಟೆಲ್ ದೂರು ಕೊಟ್ಟರೆ, ಹೊಸದಾಗಿ ಬಂದವನಿಗೆ ಮಾರುಕಟ್ಟೆಯಲ್ಲಿ ಅಂಥ ಪ್ರಾಬಲ್ಯವಿಲ್ಲ ಎಂದು ಸ್ಪರ್ಧಾ ಆಯೋಗ 2017ರಲ್ಲಿ ಅದನ್ನು ತಳ್ಳಿಹಾಕಿತು. ಮುಂದಿನ ಎರಡೇ ವರ್ಷದಲ್ಲಿ ಏರ್‌ಸೆಲ್ ದಿವಾಳಿಯಾಯಿತು, ಟೆಲಿನಾರ್ ಮತ್ತು ಟಾಟಾದ ಮೊಬೈಲ್ ವಹಿವಾಟು ಏರ್‌ಟೆಲ್ ಪಾಲಾಯಿತು, ವೊಡಾಫೋನ್ ಮತ್ತು ಐಡಿಯಾ ಒಂದಾದವು. ಉಳಿದದ್ದು ಮೂರು ಖಾಸಗಿ ಕಂಪನಿ, ಒಂದು ಬಿಎಸ್‌ಎನ್‌ಎಲ್. ಅದರಲ್ಲೂ ಇಬ್ಬರ ಕೈಯಲ್ಲೇ ಸುಮಾರು ಮುಕ್ಕಾಲು ಪಾಲು ಗಿರಾಕಿಗಳು.

ಆಮೇಲೆ? 2019ರ ಡಿಸೆಂಬರಿನಲ್ಲಿ ದರ ಏರಿತು. 2021ರ ಕೊನೆಯಲ್ಲಿ ಏರಿತು. 2024ರ ಜುಲೈನಲ್ಲಿ ಮೂವರೂ ಒಂದೆರಡು ದಿನದ ಅಂತರದಲ್ಲಿ ಏರಿಸಿದರು. ಒಳಗೊಳಗೇ ಮಾತಾಡಿಕೊಂಡರೆಂದು ನಾನು ಹೇಳುತ್ತಿಲ್ಲ. ಮೂವರೇ ಕೂತ ಸಂತೆಯಲ್ಲಿ ಮಾತಾಡಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ದರ ಎಷ್ಟಿರಬೇಕೆಂಬುದನ್ನು ಕಂಪನಿಗಳಿಗೇ ಬಿಟ್ಟಿದ್ದೇವೆ ಎನ್ನುವುದು 1997ರಲ್ಲಿ ಹುಟ್ಟಿದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ಬಹುಕಾಲದ ನೀತಿ. ಹತ್ತು ಮಂದಿ ಇದ್ದಾಗ ಒಪ್ಪುವ ನೀತಿ ಮೂವರಿದ್ದಾಗಲೂ ಒಪ್ಪುತ್ತದೆಯೇ?

ಕಂಪನಿಗಳ ಪರವಾಗಿಯೂ ಮಾತಿದೆ, ಕೇಳೋಣ. ತರಂಗಾಂತರಕ್ಕೆ ಸಾವಿರಾರು ಕೋಟಿ ಸುರಿದಿದ್ದಾರೆ. 2019ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸರ್ಕಾರಕ್ಕೆ ಹಳೆಯ ಬಾಕಿ ಕಟ್ಟಬೇಕಾಗಿ ಬಂತು. ಇಷ್ಟಾದರೂ ಒಂದು ಜಿಬಿ ಡೇಟಾ ಇಷ್ಟು ಅಗ್ಗಕ್ಕೆ ಸಿಗುವ ದೇಶಗಳು ಜಗತ್ತಿನಲ್ಲಿ ಕೆಲವೇ. ನಿಜವೇ. ಆದರೆ ಜಿಬಿಯೇ ಬೇಡದವಳಿಗೆ ಜಿಬಿ ಅಗ್ಗವಾಗಿ ಏನು ಬಂತು? ಒಂದು ಸೇರು ಅಕ್ಕಿ ಕೇಳಿದವಳಿಗೆ, ‘ಮೂಟೆ ತಗೊಳ್ಳಿ, ಸೇರಿನ ಲೆಕ್ಕದಲ್ಲಿ ಬಹಳ ಅಗ್ಗ’ ಎಂದ ಹಾಗಾಯಿತು.

ನಮ್ಮತ್ತೆಯ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ನಾನು ತಿಪಟೂರಿನಲ್ಲಿ, ಅವರು ಬೋರನಕಣಿವೆ ಹತ್ತಿರದ ತೋಟದ ಮನೆಯಲ್ಲಿ. ಸುವರ್ಣಮುಖಿಗೆ ಅಡ್ಡಕಟ್ಟೆ ಕಟ್ಟಿದ ಜಾಗ. ಎರಡೂ ಕಡೆ ಗುಡ್ಡ, ನಡುವೆ ಕಣಿವೆ. ಕಳೆದ ಬೇಸಿಗೆಯಲ್ಲಿ ನಾಲ್ಕು ದಿನ ಅವರ ಫೋನು ಸಿಗಲಿಲ್ಲ. ಗಾಬರಿಯಿಂದ ಬಸ್ಸು ಹತ್ತಿ ಹೋದರೆ, ಅವರು ಗಟ್ಟಿಮುಟ್ಟಾಗಿ ಅಂಗಳದಲ್ಲಿ ಗರಿ ಸೀಳುತ್ತಾ ಕೂತಿದ್ದರು. ಕರೆನ್ಸಿ ಮುಗಿದಿತ್ತು, ಅಷ್ಟೇ. ಮೊದಲು ಹೊರಹೋಗುವ ಕರೆ ನಿಂತು, ಆಮೇಲೆ ಬರುವ ಕರೆಯೂ ನಿಂತಿತ್ತು. ಉಚಿತವಾದ ಒಳಕರೆಗೂ ಹದಿಮೂರು ಸಲ ಸುಂಕ ಎಂದಾಯಿತು! ಅಂಗಡಿಯವನು ತೋರಿಸಿದ ಅತಿ ಸಣ್ಣ ಪ್ಯಾಕಿನಲ್ಲೂ ಡೇಟಾ ಇತ್ತು. ‘ಅದ್ಯಾತಕ್ಕೆ ಕಣಮ್ಮಿ ನಂಗೆ? ನಾನು ಮಾತಾಡಕ್ಕಲ್ವಾ ಫೋನು ಮಡಗಿರೋದು?’ ಎಂದರು ಅತ್ತೆ. ಅವರ ಪ್ರಶ್ನೆಗೆ ಉತ್ತರ ನನ್ನಲ್ಲೂ ಇರಲಿಲ್ಲ, ಅಂಗಡಿಯವನಲ್ಲೂ ಇರಲಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬ್ಯಾಂಕಿಗೆ ಬಂತೆಂಬ ಸಂದೇಶ ಬರುವುದೂ ಆ ಫೋನಿಗೇ. ಕೊಟ್ಟ ಕೈಯ ಸುದ್ದಿ ತಿಳಿಯಲಿಕ್ಕೂ ಇನ್ನೊಂದು ಕೈಗೆ ಕಪ್ಪ ಒಪ್ಪಿಸಬೇಕು.

‘ಬೇಡವಾದರೆ ಕಂಪನಿ ಬದಲಾಯಿಸಿ’ ಎನ್ನುತ್ತಾರೆ ಪಟ್ಟಣದ ಜಾಣರು. 2011ರ ಜನವರಿಯಿಂದ ನಂಬರ್ ಬದಲಾಯಿಸದೆ ಕಂಪನಿ ಬದಲಾಯಿಸಬಹುದು, ಹೌದು. ನಮ್ಮ ತೋಟದಲ್ಲಿ ಸಿಗ್ನಲ್ ಸಿಗುವುದು ಒಂದೇ ಕಂಪನಿಯದು, ಅದೂ ಹುಣಸೆ ಮರದ ಹತ್ತಿರ ನಿಂತರೆ. ಅತ್ತೆ ಬಿಟ್ಟು ಹೋಗುವುದಾದರೂ ಎಲ್ಲಿಗೆ? ಬಿಟ್ಟು ಹೋಗಲು ಇನ್ನೊಂದು ಬಾಗಿಲಿಲ್ಲದ ಮನೆಯಲ್ಲಿರುವವಳನ್ನು ಗಿರಾಕಿ ಎನ್ನುವುದಿಲ್ಲ. ಹೆಣ್ಣುಮಕ್ಕಳಾದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ನಿಯಂತ್ರಣ ಎಂದರೆ ಹಳೆಯ ಲೈಸೆನ್ಸ್ ರಾಜ್ಯ ಎಂದು ಹೆದರಿಸುವವರಿದ್ದಾರೆ. ನಮ್ಮ ಕೆರೆಗಳಲ್ಲಿ ನೀರಗಂಟಿ ಎಂಬವನಿದ್ದ. ನೀರು ಅವನದಲ್ಲ, ಗದ್ದೆಯೂ ಅವನದಲ್ಲ. ತೂಬಿನ ಹತ್ತಿರದ ಗದ್ದೆಯವನು ಎಲ್ಲವನ್ನೂ ಎಳೆದುಕೊಳ್ಳದಂತೆ, ಕಡೆಯ ಗದ್ದೆಗೂ ಸರದಿ ಬರುವಂತೆ ನೋಡುವುದಷ್ಟೇ ಅವನ ಕೆಲಸ. ಅವನಿದ್ದುದರಿಂದ ಬೇಸಾಯ ಕೆಡಲಿಲ್ಲ; ಅವನನ್ನು ಬಿಡಿಸಿದ ಕಡೆಯೇ ಕೆಟ್ಟಿತು.

ಟ್ರಾಯ್ ಎಚ್ಚೆತ್ತಾಗ ಕೆಲಸ ಆಗಿದೆ. 2022ರಲ್ಲಿ, ಮೂವತ್ತು ದಿನದ ಪ್ಯಾಕು ಒಂದಾದರೂ ಇರಲೇಬೇಕೆಂದು ಹೇಳಿತು. 2024ರ ಡಿಸೆಂಬರಿನಲ್ಲಿ, ಬರೀ ಮಾತು ಮತ್ತು ಸಂದೇಶದ ಪ್ಯಾಕನ್ನೂ ಕೊಡಬೇಕೆಂದು ನಿಯಮ ಮಾಡಿತು. ಅತ್ತೆಯ ಪ್ರಶ್ನೆ ದೆಹಲಿಗೂ ಕೇಳಿಸಿತಲ್ಲ ಎಂದು ಹಿಗ್ಗಿದೆ. ಕಂಪನಿಗಳು ಕೊಟ್ಟದ್ದೇನು? 84 ದಿನಕ್ಕೆ ನಾನೂರೈವತ್ತರಿಂದ ಐನೂರರ ಆಸುಪಾಸು, ಒಂದೇ ಕಂತಿನಲ್ಲಿ. ಕಾಯಿ ಸುಲಿಯುವ ಕೂಲಿಯವಳು ಅಷ್ಟು ದುಡ್ಡನ್ನು ಒಟ್ಟಿಗೆ ತರುವುದು ಎಲ್ಲಿಂದ? ನಿಯಮದ ಅಕ್ಷರ ಉಳಿಯಿತು, ಅರ್ಥ ಉಳಿಯಲಿಲ್ಲ.

ಇನ್ನು ಬಿಎಸ್‌ಎನ್‌ಎಲ್. 2024ರ ಜುಲೈನಲ್ಲಿ ದರ ಏರಿದಾಗ ಲಕ್ಷಾಂತರ ಜನ ಅದರ ಕಡೆ ಓಡಿದರು. ಆದರೆ 2020ರ ಜನವರಿಯಲ್ಲಿ ಸುಮಾರು 78,000 ನೌಕರರನ್ನು ಸ್ವಯಂ ನಿವೃತ್ತಿಯ ಹೆಸರಿನಲ್ಲಿ ಮನೆಗೆ ಕಳಿಸಿದ ಸಂಸ್ಥೆ ಅದು. ಖಾಸಗಿಯವರು 2022ರಲ್ಲೇ 5ಜಿ ಶುರು ಮಾಡಿದರೆ, ಅದಕ್ಕೆ ದೇಶವ್ಯಾಪಿ 4ಜಿಯ ಉದ್ಘಾಟನೆಯಾಗಿದ್ದು 2025ರ ಸೆಪ್ಟೆಂಬರಿನಲ್ಲಿ. ಕಾಲು ಕಟ್ಟಿ ಓಡಲು ಬಿಟ್ಟು, ಸೋತಿತು ಎಂದು ನಗುವುದು ಯಾವ ನ್ಯಾಯ? ಸರ್ಕಾರಿ ಕಂಪನಿ ಗಟ್ಟಿಯಾಗಿದ್ದರೆ ಖಾಸಗಿಯವರ ಕೈಗೂ ಒಂದು ಹಿಡಿತ.

ದುಡ್ಡಿಲ್ಲ ಎಂದು ಮಾತ್ರ ಹೇಳಬೇಡಿ. ಹಳ್ಳಿಗಳಿಗೆ ದೂರವಾಣಿ ತಲುಪಿಸಲೆಂದೇ 2002ರಿಂದ ಕಂಪನಿಗಳ ಆದಾಯದ ನೂರಕ್ಕೆ ಐದರಷ್ಟು ಒಂದು ನಿಧಿಗೆಂದು ವಸೂಲಾಗುತ್ತಿದೆ. 2023ರ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರಿಟ್ಟಿದೆ. ಆ ಐದು ಪೈಸೆ ಬಂದದ್ದು ನಮ್ಮ ನಿಮ್ಮ ರೀಚಾರ್ಜಿನಿಂದಲೇ. ಗುಡ್ಡದ ಮರೆಯ ಊರುಗಳಲ್ಲಿ ಒಂದೇ ಟವರನ್ನು ಎಲ್ಲ ಕಂಪನಿಗಳೂ ಹಂಚಿಕೊಳ್ಳುವಂತೆ ಮಾಡಲು ಆ ಹಣ ಸಾಲದೇ?

ನಾನು ಕೇಳುವುದು ದೊಡ್ಡದೇನಲ್ಲ. ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳಾಗಲಿ. ಬರೀ ಮಾತಿನ ಪ್ಯಾಕು ಒಂದು ತಿಂಗಳಿಗೂ ಸಿಗಲಿ, ಅದರ ದರಕ್ಕೆ ಟ್ರಾಯ್ ಒಂದು ಮಿತಿ ಹಾಕಲಿ. ಕರೆನ್ಸಿ ಮುಗಿದರೂ ಬರುವ ಕರೆ, ಬ್ಯಾಂಕಿನ ಸಂದೇಶ ಮೂರು ತಿಂಗಳಾದರೂ ನಿಲ್ಲದಿರಲಿ.

ಮುಂದಿನ ಸಲ ರೀಚಾರ್ಜಿಗೆ ಹೋದಾಗ, ಅಂಗಡಿಯವನು ಹೇಳಿದ ಪ್ಯಾಕಿಗೆ ತಲೆಯಾಡಿಸಬೇಡಿ. ‘ಡೇಟಾ ಇಲ್ಲದ್ದು ಯಾವುದಿದೆ? ಮೂವತ್ತು ದಿನದ್ದು ಯಾವುದಿದೆ?’ ಎಂದು ನಾಲ್ಕು ಜನರ ಎದುರಿಗೆ ಗಟ್ಟಿಯಾಗಿ ಕೇಳಿ. ಸೊಪ್ಪಿನವಳ ಹತ್ತಿರ ಒಂದು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ನಾವು, ಚೌಕಾಸಿ ಮಾಡಬೇಕಾದ ಕಡೆ ಯಾಕೆ ಸುಮ್ಮನಿದ್ದೇವೆ?